ಲೆನಿನ್‌ಗ್ರಾಡಿನ ದುಂಡು ಬ್ರೆಡ್ ಕಾರ್ಖಾನೆ

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಬಾರೋಚ್ನಾಯಾ ಬೀದಿಯಲ್ಲಿ ದುಂಡಾಕಾರದ ಬಹುಮಹಡಿ ಕಟ್ಟಡವೊಂದಿದೆ. ಹೆಸರು ಲೆವಾಶೋವ್ಸ್ಕಿ ಬ್ರೆಡ್ ಕಾರ್ಖಾನೆ. 1933ರಲ್ಲಿ, ನಗರಕ್ಕೆ ಲೆನಿನ್‌ಗ್ರಾಡ್ ಎಂಬ ಹೆಸರಿದ್ದಾಗ, ಕೆಲಸ ಆರಂಭಿಸಿದ ಇದು ಸುಮಾರು ಎಂಟು ದಶಕಗಳ ಕಾಲ ನಗರಕ್ಕೆ ಬ್ರೆಡ್ಡು ಒದಗಿಸಿ, ಈ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಒಲೆ ಆರಿಸಿ ಪಾಳುಬಿದ್ದಿತು. ನನ್ನ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಕೇಳಿದವರಿಗೆ ಲೆನಿನ್‌ಗ್ರಾಡಿನ ಮುತ್ತಿಗೆಯ ಹೆಸರಾದರೂ ನೆನಪಿರಬಹುದು. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಜಾಗವಿರುತ್ತಿರಲಿಲ್ಲ. ಈ ಕಟ್ಟಡದ ನೆಪದಲ್ಲಿ ಅದನ್ನು ಸ್ವಲ್ಪ ವಿಸ್ತರಿಸಿ ಹೇಳೋಣವೆನಿಸಿತು.

ಮೊದಲು ಕಟ್ಟಡ ದುಂಡಗೇಕೆ ಎಂಬ ಪ್ರಶ್ನೆ. ಇದು ಗಿಯೋರ್ಗಿ ಮಾರ್ಸಾಕೋವ್ ಎಂಬ ಎಂಜಿನಿಯರನ ಕಲ್ಪನೆ. ಹಿಟ್ಟನ್ನು ಯಂತ್ರದಿಂದ ಒಮ್ಮೆ ಮೇಲಿನ ಮಹಡಿಗೆ ಏರಿಸಿಬಿಟ್ಟರೆ ಸಾಕು. ಅಲ್ಲಿಂದ ಮುಂದಿನದೆಲ್ಲ ಇಳಿಜಾರಿನ ದಾರಿ. ಒಂದು ಅಂತಸ್ತಿನಲ್ಲಿ ಹಿಟ್ಟು ನಾದುವುದು, ಹುದುಗು ಬರುವುದು; ಅದರ ಕೆಳಗೆ ಉಂಡೆ ಕಟ್ಟುವುದು, ಅದು ಉಬ್ಬುವುದು; ಇನ್ನೂ ಕೆಳಗೆ ಬಳೆಯಾಕಾರದ ಒಲೆ; ನೆಲದ ಮಟ್ಟದಲ್ಲಿ ಬೆಂದ ಬ್ರೆಡ್ಡನ್ನು ಗಾಡಿಗೆ ತುಂಬುವುದು. ಪ್ರತಿ ಅಂತಸ್ತಿನಲ್ಲಿಯೂ ಪಾತ್ರೆಗಳನ್ನು ಹೊತ್ತ ಯಂತ್ರಪಥವೊಂದು ಗಾಣದೆತ್ತಿನಂತೆ ವೃತ್ತಾಕಾರದಲ್ಲಿ ಸುತ್ತುತ್ತಿರುತ್ತದೆ. ನೇರವಾದ ಸಾಲಿನಲ್ಲಿ ಖಾಲಿಯಾದ ಪಾತ್ರೆಯನ್ನು ಮತ್ತೆ ಮೊದಲಿನ ತುದಿಗೆ ಒಯ್ಯಬೇಕು. ವೃತ್ತದಲ್ಲಿ ಅದು ತಾನಾಗಿಯೇ ಹೊರಟ ಸ್ಥಳಕ್ಕೆ ಬಂದು ನಿಲ್ಲುತ್ತದೆ. ಯಂತ್ರವೇ ವೃತ್ತಾಕಾರವಾದ ಮೇಲೆ ಗೋಡೆಯೂ ಅದನ್ನೇ ಅನುಸರಿಸಿತು. ಇಂತಹ ಕಾರ್ಖಾನೆಗಳು ಮಾಸ್ಕೋದಲ್ಲಿ ಐದು, ಲೆನಿನ್‌ಗ್ರಾಡಿನಲ್ಲಿ ಎರಡು ಎದ್ದವು. ವಾಸ್ತುಶಿಲ್ಪದ ಅಭಿಮಾನಿಗಳು ಅವುಗಳ ಚೆಲುವನ್ನು ಕೊಂಡಾಡುತ್ತಾರೆ. ನನಗಾದರೋ ಅದರ ಲೆಕ್ಕಾಚಾರವೇ ಹೆಚ್ಚು ಸೊಗಸಾಗಿ ಕಾಣುತ್ತದೆ.

ಆದರೆ 1933 ಎಂಬ ಇಸವಿಯನ್ನು ಸುಮ್ಮನೆ ದಾಟಿ ಹೋಗಲಾಗದು. ಕೈಗಾರಿಕೀಕರಣದ ಭರದಲ್ಲಿ ಸೋವಿಯತ್ ನಗರಗಳು ಊದಿಕೊಳ್ಳುತ್ತಿದ್ದವು. ಆಗಲೇ ಬ್ರೆಡ್ಡಿಗೆ ಪಡಿತರ ಚೀಟಿ ಬಂದಿತ್ತು. ಆ ನಗರಗಳಿಗೆ ಧಾನ್ಯ ಬರಬೇಕಾದದ್ದು ಹಳ್ಳಿಯಿಂದಲೇ ಅಲ್ಲವೆ? ಸಾಮೂಹಿಕ ಬೇಸಾಯಕ್ಕೆ ಬಲವಂತವಾಗಿ ಸೇರಿಸಲ್ಪಟ್ಟ ರೈತರಿಂದ ಸರ್ಕಾರವು ನಿಗದಿ ಮಾಡಿದಷ್ಟು ಧಾನ್ಯವನ್ನು ಕಿತ್ತುಕೊಂಡಿತು. 1932ರ ಆಗಸ್ಟ್ 7ರ ಕಾನೂನಿನಂತೆ ಸಾಮೂಹಿಕ ಹೊಲದ ಫಸಲನ್ನು ಕದ್ದವರಿಗೆ ಮರಣದಂಡನೆ ಅಥವಾ ಹತ್ತು ವರ್ಷಗಳ ಸೆರೆ. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯ್ದವರೂ ಅದರಡಿ ಶಿಕ್ಷೆಗೆ ಒಳಗಾದರು. ನಮ್ಮ ಹಳ್ಳಿಗಳಲ್ಲಿ ಹಕ್ಕಲು ಬಡವರ ಪಾಲೆಂದು ಬಿಟ್ಟುಬಿಡುವುದು ರೂಢಿ. ಅಲ್ಲಿ ಅದು ಜನರ ಜೀವಕ್ಕೇ ಎರವಾಯಿತು. 1933ರ ಜನವರಿಯಲ್ಲಿ ಹಸಿದ ರೈತರು ಉಕ್ರೇನ್ ಮತ್ತು ಕುಬಾನ್ ಪ್ರದೇಶಗಳನ್ನು ಬಿಟ್ಟು ಹೋಗದಂತೆ ದಾರಿಗಳನ್ನೂ ಕಟ್ಟಲಾಯಿತು. ಉಕ್ರೇನ್ ಒಂದರಲ್ಲಿಯೇ ಮೂವತ್ತು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು. ಗೋಧಿ ಬೆಳೆದವರು ಹೀಗೆ ಸಾಯುತ್ತಿದ್ದ ವರ್ಷದಲ್ಲಿಯೇ ಲೆನಿನ್‌ಗ್ರಾಡಿನ ಈ ಹೊಸ ಒಲೆಗೆ ಬೆಂಕಿ ಬಿದ್ದದ್ದು.

ಎಂಟು ವರ್ಷಗಳ ತರುವಾಯ ಹಸಿವು ಆ ನಗರಕ್ಕೂ ಬಂದಿತು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯ ಲೆನಿನ್‌ಗ್ರಾಡಿನ ಭೂಮಾರ್ಗವನ್ನು ಪೂರ್ತಿ ಕಡಿಯಿತು. ಅದೇ ದಿನ ಬಾಂಬು ಬಿದ್ದು ಬದಾಯೆವ್ ಉಗ್ರಾಣಗಳು ಹೊತ್ತಿ ಉರಿದವು. ಕರಗಿದ ಸಕ್ಕರೆ ಹೀರಿಕೊಂಡಿದ್ದ ಮಣ್ಣನ್ನು ಜನ ಅನಂತರ ಅಗೆದು ಒಯ್ದರು. ಈ ಬೆಂಕಿಯಿಂದಲೇ ಕ್ಷಾಮ ಬಂದಿತೆಂದು ನಗರದ ಜನ ಬಹುಕಾಲ ನಂಬಿದ್ದರು. ಆದರೆ ಅಲ್ಲಿ ಸುಟ್ಟುಹೋದ ಹಿಟ್ಟು ಆ ಮಹಾನಗರಕ್ಕೆ ಕೆಲವೇ ದಿನಗಳಿಗೆ ಸಾಲುವಷ್ಟು. ನಿಜವಾದ ಕಾರಣ ಮುತ್ತಿಗೆಯೇ. ಹಸಿವಿನಿಂದಲೇ ನಗರವನ್ನು ಕೊಲ್ಲುವುದು ಹಿಟ್ಲರನ ಉದ್ದೇಶವಾಗಿತ್ತು.

ಪಡಿತರ ಇಳಿಯುತ್ತ ಹೋಗಿ ನವೆಂಬರ್ 20ರಂದು ತಳ ಮುಟ್ಟಿತು: ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ, ಕಚೇರಿ ನೌಕರರಿಗೆ, ಅವಲಂಬಿತರಿಗೆ, ಮಕ್ಕಳಿಗೆ 125 ಗ್ರಾಂ. ನಮ್ಮ ಕಡೆಯ ರಾಗಿಮುದ್ದೆಯಲ್ಲಿ ಅರ್ಧ ಮುರಿದಷ್ಟು ಎಂದುಕೊಳ್ಳಿ. ಇಡೀ ದಿನಕ್ಕೆ ಅಷ್ಟು. ಅದರ ಜೊತೆಗೆ ಹೇಳಿಕೊಳ್ಳುವಂಥದು ಬೇರೇನೂ ಇಲ್ಲ. ಆ ಬ್ರೆಡ್ಡಾದರೂ ಎಂತಹದು? ರೈ ಹಿಟ್ಟಿನ ಜೊತೆಗೆ ಹತ್ತಿಕಾಳಿನ ಹಿಂಡಿ, ಓಟ್ಸ್, ಮೊಳಕೆಧಾನ್ಯದ ಪುಡಿ, ಗಿರಣಿಯ ಗೋಡೆ ನೆಲಗಳಿಂದ ಗುಡಿಸಿದ ಧೂಳು. ಪ್ರೊಫೆಸರ್ ವಸೀಲಿ ಶಾರ್ಕೋವ್ ಮತ್ತು ಅವರ ಸಹೋದ್ಯೋಗಿಗಳು ಮರದಿಂದ ತೆಗೆದುಕೊಟ್ಟ ಸೆಲ್ಯುಲೋಸನ್ನೂ ಬೆರೆಸಿದರು. ಅದರಲ್ಲಿ ಪುಷ್ಟಿ ಇಲ್ಲ, ಬ್ರೆಡ್ಡಿನ ಗಾತ್ರ ಮಾತ್ರ ಹೆಚ್ಚುತ್ತಿತ್ತು. ಒದ್ದೆಯಾದ, ಭಾರವಾದ, ಅಂಟುವ ಬ್ರೆಡ್ಡು.

ಲೆವಾಶೋವ್ಸ್ಕಿಯ ಒಲೆಗಳು ಈ ಅವಧಿಯುದ್ದಕ್ಕೂ ಬ್ರೆಡ್ಡು ಸುಟ್ಟವು. 1942ರ ಜನವರಿಯ ಕೊರೆಯುವ ಚಳಿಯಲ್ಲಿ ನಗರದ ವಿದ್ಯುತ್ತು ಕೈಕೊಟ್ಟು, ನೀರಿನ ಕೊಳವೆಗಳು ಹೆಪ್ಪುಗಟ್ಟಿದವು. ನೀರಿಲ್ಲದೆ ಹಿಟ್ಟು ನಾದುವುದೆಂತು? ಬ್ರೆಡ್ ಕಾರ್ಖಾನೆಗೆ ನೀರು ಒದಗಿಸಲು ನಿತ್ರಾಣರಾದ ಯುವಕ ಯುವತಿಯರು ನದಿಯವರೆಗೆ ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಬಕೆಟ್ಟುಗಳನ್ನು ದಾಟಿಸಿದರು. ಕೈಯ ಸೋಂಕಿಲ್ಲದೆ ಬ್ರೆಡ್ಡು ಮಾಡಲೆಂದು ಯಂತ್ರಗಳನ್ನು ಹೂಡಿದ್ದ ಆ ನಗರದಲ್ಲಿ, ಕಡೆಗೆ ಉಳಿದದ್ದು ಮನುಷ್ಯರ ಕೈಯೊಂದೇ.

ನಗರದ ಇನ್ನೊಂದು ಕಡೆ, ನಿಕೊಲಾಯ್ ವಾವಿಲೋವ್ ಕಟ್ಟಿ ಬೆಳೆಸಿದ ಸಸ್ಯಸಂಸ್ಥೆಯಲ್ಲಿ, ವಿಜ್ಞಾನಿಗಳು ಟನ್ನುಗಟ್ಟಲೆ ಬೀಜಗಳ ನಡುವೆ ಕುಳಿತು ಒಂದು ಕಾಳನ್ನೂ ತಿನ್ನದೆ ಸತ್ತರು. ಭತ್ತದ ತಳಿಗಳನ್ನು ಕಾಯುತ್ತಿದ್ದ ದ್ಮಿತ್ರಿ ಇವಾನೋವ್ ಅವರಲ್ಲೊಬ್ಬರು. ಸ್ಟಾಲಿನ್ ಸರ್ಕಾರ ಸೆರೆಗೆ ತಳ್ಳಿದ್ದ ವಾವಿಲೋವರು ಕೂಡ 1943ರಲ್ಲಿ ಸರಾತೋವಿನ ಜೈಲಿನಲ್ಲಿ ಅನ್ನವಿಲ್ಲದೆ ಸೊರಗಿ ಸತ್ತರು. ಅದು ಪ್ರತ್ಯೇಕ ಲೇಖನಕ್ಕೇ ವಸ್ತು.

ಹೆಪ್ಪುಗಟ್ಟಿದ ಲಡೋಗ ಸರೋವರದ ಮೇಲೆ ಲಾರಿಗಳು ಹಿಟ್ಟು ತರತೊಡಗಿದ ಮೇಲೆ, 1941ರ ಡಿಸೆಂಬರ್ 25ರಂದು ಪಡಿತರ ಸ್ವಲ್ಪ ಏರಿತು. 125 ಗ್ರಾಂ ಇದ್ದದ್ದು 200 ಆಯಿತು. ಆದರೂ ಸಾವು ನಿಲ್ಲಲಿಲ್ಲ. 1944ರ ಜನವರಿ 27ರಂದು ಮುತ್ತಿಗೆ ಪೂರ್ತಿ ಮುರಿಯುವಷ್ಟರಲ್ಲಿ ನಾಗರಿಕರು ಆರು ಲಕ್ಷಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು.

ಮುಚ್ಚಿದ ಕಾರ್ಖಾನೆಯನ್ನು ಕೆಡವದೆ, ಈ ದಶಕದ ಆರಂಭದಲ್ಲಿ ದುರಸ್ತಿಗೊಳಿಸಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆದಿದ್ದಾರೆ. ಮುತ್ತಿಗೆಯ ದಿನಗಳ ಬ್ರೆಡ್ಡಿನ ಕಥೆಗೂ ಅಲ್ಲಿ ಸ್ಥಳವಿದೆ. ಮಾಸ್ಕೋದಲ್ಲಿ ಇದರ ಅಣ್ಣನಂತಿರುವ ಜೋತೋವ್ ಕಾರ್ಖಾನೆ 2007ರಲ್ಲಿ ಮುಚ್ಚಿ, 2022ರಲ್ಲಿ ಕಲಾಕೇಂದ್ರವಾಯಿತು. ಕಟ್ಟಡ ಉಳಿದದ್ದು ಒಳ್ಳೆಯದೇ. ಲೆನಿನ್‌ಗ್ರಾಡಿನ 125 ಗ್ರಾಮನ್ನು ಅಲ್ಲಿ ನೆನೆಯುವಾಗ ಹಕ್ಕಲು ಆಯ್ದು ಸೆರೆಗೆ ಹೋದವರನ್ನೂ ನೆನೆಯಬೇಕೆಂಬುದು ನನ್ನ ಅಭಿಪ್ರಾಯ. ಆ ಒಲೆಯಲ್ಲಿ ಮೊದಲು ಬೆಂದದ್ದು ಅವರ ಧಾನ್ಯವೇ.