ಸೊನ್ನೆಯ ಖಾಲಿ ಗೂಡು

ಮಗು ನೂರರವರೆಗೆ ಗಟ್ಟಿಯಾಗಿ ಹೇಳಿದರೆ ಲೆಕ್ಕ ಬಂತೆಂದು ಹಿಗ್ಗುತ್ತೇವೆ. ‘ಏಳು ಹುಣಸೆಬೀಜ ಕೊಡು’ ಎಂದು ಕೇಳಿ ನೋಡಿ. ಮುಷ್ಟಿ ತುಂಬ ಕೊಟ್ಟೀತು. ಎಣಿಕೆ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ ಇದಕ್ಕೆ ಮರದ ಆಟಿಕೆಗಳಲ್ಲಿ ಉಪಾಯ ಕಂಡರು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಗೂಡುಗಳು. ಕದಿರಿನಂಥ 45 ಕಡ್ಡಿಗಳು. ಎರಡರ ಗೂಡಿಗೆ ಎರಡು, ಐದರದಕ್ಕೆ ಐದು. ಕೊನೆಗೆ ಕಡ್ಡಿ ಉಳಿದರೆ ಎಲ್ಲೋ ತಪ್ಪಿದೆಯೆಂದು ಮಗುವಿಗೇ ತಿಳಿಯುತ್ತದೆ. ಎಲ್ಲ ಮುಗಿದ ಮೇಲೂ ಬರಿದಾಗಿ ಉಳಿಯುವ ಗೂಡೇ ಸೊನ್ನೆ.

ಇಂಥ ಸಾಮಗ್ರಿ ಹಳ್ಳಿಗೆ ದುಬಾರಿ. ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿ ಪ್ರಾಂತದ ಬೋರ್ಡಿಯಲ್ಲಿ ಶಿಶುಶಿಕ್ಷಣ ಕೇಂದ್ರ ತೆರೆದು, ಊರಲ್ಲೇ ಸಿಗುವ ಬೀಜ, ಕಲ್ಲುಗಳಿಂದ ಕಲಿಸಿದರು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಆಗ ಅದೇ ಪ್ರಾಂತದಲ್ಲಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಅವರ ‘ಅಂಗಣವಾಡಿ’ಯ ಹೆಸರೇ 1975ರ ಸರಕಾರಿ ಯೋಜನೆಯೊಂದಿಗೆ ಈ ನಾಲ್ಕೂ ತಾಲ್ಲೂಕುಗಳಿಗೆ ಬಂತು.

ಕಡ್ಡಿಯ ಪೆಟ್ಟಿಗೆ ಇಲ್ಲದಿದ್ದರೂ ಚಿಂತೆಯಿಲ್ಲ. ನಮ್ಮ ಅಳಗುಳಿ ಮಣೆಗೆ ಸಾಮಾನ್ಯವಾಗಿ 14 ಗುಳಿ. ಗುಳಿಗೊಂದು ಬೀಜ ಹಾಕುತ್ತ ಹೋಗುವ ಮಗು ಅಂಕಿ ಬರೆಯುವ ಮೊದಲೇ ಎಣಿಸಲು ಕಲಿಯುತ್ತದೆ.