ಮಬ್ಬು ಬಿಯರ್: ಬೇಕಂತಲೇ ಕದಡಿದ್ದು ಯಾವುದು, ಕೆಟ್ಟದ್ದು ಯಾವುದು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬಾರುಗಳಲ್ಲಿ ಬಿಯರ್ ಅಂದ್ರೆ ಹೆಚ್ಚಾಗಿ ಬಾಟಲಿಯ ಲಾಗರ್. ಅದು ಸೋಸಿದ್ದು, ಗ್ಲಾಸಿನ ಆಚೆಗಿನ ಬೆರಳು ಕಾಣುವಷ್ಟು ತಿಳಿ. ಇದನ್ನೇ ಕುಡಿದು ರೂಢಿಯಾದವರು ಬೆಂಗಳೂರಿನ ಮೈಕ್ರೋಬ್ರುವರಿಯಲ್ಲಿ ಮೊದಲ ಸಲ ಕೂತಾಗ, ಮುಂದೆ ಬಂದದ್ದನ್ನು ನೋಡಿ ‘ಇದೇನ್ರೀ, ರಾಡಿ ನೀರು ಇದ್ದಂಗ ಐತಿ’ ಅಂದರೆ ಅದು ದಡ್ಡ ಪ್ರಶ್ನೆಯಲ್ಲ. ಮಬ್ಬು ಕೆಲವು ಬಿಯರಿಗೆ ಗುಣ, ಕೆಲವಕ್ಕೆ ರೋಗ.

ಜರ್ಮನಿಯ ಗೋಧಿ ಬಿಯರ್ ವೈಸ್‌ಬಿಯರ್‌ನಲ್ಲಿ ಮಬ್ಬು ಬರುವುದು ತೇಲುವ ಯೀಸ್ಟ್ ಮತ್ತು ಗೋಧಿಯ ಪ್ರೋಟೀನಿನಿಂದ. ಬೆಂಗಳೂರಿನ ‘ಟಾಯ್ಟ್ ವೈಸ್’ ಈ ಜಾತಿಯದು. ಬೆಲ್ಜಿಯಂನ ವಿಟ್ ಬಿಯರ್ ಹೆಚ್ಚುಕಮ್ಮಿ ಸತ್ತೇಹೋಗಿತ್ತು, ಹೂಗಾರ್ಡನ್ ಊರಿನ ಪಿಯರ್ ಸೆಲಿಸ್ 1966ರಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಈಗ ಎಲ್ಲರ ಬಾಯಲ್ಲಿರುವ ‘ಹೇಜಿ ಐಪಿಎ’ ಅಮೆರಿಕದ ವರ್ಮಾಂಟ್ ಕಡೆಯದು. ಅಲ್ಲಿನ ‘ದಿ ಆಲ್ಕೆಮಿಸ್ಟ್’ ಬ್ರುವರಿಯ ‘ಹೆಡಿ ಟಾಪರ್’ ಇದರ ಮೂಲಪುರುಷ ಅನ್ನಬಹುದು. ಓಟ್ಸ್, ಗೋಧಿಯ ಪ್ರೋಟೀನು ಮತ್ತು ಹುದುಗುವಾಗ, ಹುದುಗಿದ ಮೇಲೆ ಹಾಕುವ ಹಾಪ್ಸ್ ಹೂವಿನ ಪಾಲಿಫಿನಾಲ್‌ಗಳು ಒಂದಕ್ಕೊಂದು ಅಂಟಿಕೊಂಡು ಇದರ ಮಬ್ಬು ಹುಟ್ಟುತ್ತದೆ. ಯೀಸ್ಟಿನ ಗಸಿಯಿಂದ ಅಲ್ಲ.

ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿ ಒಟ್ಟು 50ರದ್ದು: ವಾಸನೆಗೆ 12, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಎಷ್ಟು? ಬರೀ 3. ಗ್ಲಾಸಿನ ಫೋಟೋ ಹಾಕಿ ‘ಎಷ್ಟು ಹೇಜಿ ನೋಡಿ’ ಅಂತ ಮಾರುವವರು ಈ 3 ಅಂಕವನ್ನೇ 50 ಮಾಡಿಕೊಂಡಿದ್ದಾರೆ.

ಹಾಗಾದ್ರೆ ನೋಡುವುದು ಹೇಗೆ? ಮೊದಲು ಮೂಗು. ನೊರೆ ಇಳಿಯುವ ಮೊದಲೇ ಮೂಸಬೇಕು. ವೈಸ್‌ಬಿಯರ್‌ಗೆ ಬಾಳೆಹಣ್ಣು, ಲವಂಗದ ವಾಸನೆ ಇರಲೇಬೇಕು, ಅದನ್ನು ಕೊಡುವುದು ಯೀಸ್ಟೇ. ಹೇಜಿ ಐಪಿಎಗೆ ಮಾವು, ಕಿತ್ತಳೆ, ಅನಾನಸ್ ಥರದ್ದು. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್, ಹಸಿ ಸೇಬಿನದಾದರೆ ಅಸಿಟಾಲ್ಡಿಹೈಡ್. ಇವೆರಡೂ ಹೆಚ್ಚಾಗಿ ಹೇಳುವುದು ಒಂದೇ ಮಾತು: ಬಿಯರ್ ಪೂರ್ತಿ ಆಗುವ ಮೊದಲೇ ಟ್ಯಾಂಕಿನಿಂದ ಇಳಿಸಿದ್ದಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ. ಹೇಜಿ ಐಪಿಎ ಇದರಲ್ಲಿ ಬಲು ನಾಜೂಕು. ಗಾಳಿ ತಾಗಿದರೆ ಹೊಂಬಣ್ಣ ಹೋಗಿ ಕಂದು, ಬೂದು ಬಣ್ಣಕ್ಕೆ ತಿರುಗುತ್ತದೆ. ನೋಟದ 3 ಅಂಕ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಆಮೇಲೆ ಬಾಯಿ. ಒಳ್ಳೆಯ ಹೇಜಿ ನುಣುಪಾಗಿರಬೇಕು, ಕಹಿ ಮೆತ್ತಗಿರಬೇಕು. ಗಂಟಲಲ್ಲಿ ಕೆರೆದಂತಾದರೆ, ಹಸಿ ಎಲೆ ಅಗಿದಂತಿದ್ದರೆ ಹಾಪ್ಸಿನ ಪುಡಿ ಸರಿಯಾಗಿ ತಳಕ್ಕಿಳಿದಿಲ್ಲ. ಗ್ಲಾಸಿನ ತಳದಲ್ಲಿ ತುಣುಕುಗಳು ಕಂಡರಂತೂ ‘ಅದು ಸ್ಟೈಲ್ ಸರ್’ ಅನ್ನುವ ಮಾತನ್ನು ನಂಬಬೇಡಿ. ಹೇಜಿ ಅನ್ನುವ ಹೆಸರು ಅರೆಬರೆ ಕೆಲಸಕ್ಕೆ ಪರದೆಯಾಗಿಬಿಟ್ಟಿದೆ.

ಇನ್ನು ನಮ್ಮೂರ ಬಾಟಲಿ. ಸೋಸಿದ ಲಾಗರ್ ಮಬ್ಬಾಗಿ ಕಂಡರೆ ಸ್ವಲ್ಪ ಹೊತ್ತು ಬಿಡಿ. ಬೆಚ್ಚಗಾದಂತೆ ತಿಳಿಯಾದರೆ ಅದು ತಂಪಿಗೆ ಕಟ್ಟಿದ ಮಬ್ಬು, ಚಿಂತೆಯಿಲ್ಲ. ತಿಳಿಯಾಗದೆ, ಜೊತೆಗೆ ಹುಳಿಯೂ ಹೊಡೆದರೆ ವಾಪಸ್ ಕೊಡಿ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಗೋಡೌನಿನಲ್ಲಿ ಬಿದ್ದ ಪೆಟ್ಟಿಗೆಗಳ ಬಗ್ಗೆ ಅನುಮಾನ ಇರಲಿ, ತಯಾರಿ ದಿನಾಂಕ ನೋಡಿ.

ಒಂದು ಎಚ್ಚರಿಕೆ. ಬಿಜೆಸಿಪಿಯ 2021ರ ಮಾರ್ಗಸೂಚಿ ಪ್ರಕಾರ ಹೇಜಿ ಐಪಿಎ ಆಲ್ಕೋಹಾಲ್ ಶೇ 6ರಿಂದ 9. ವೈಸ್‌ಬಿಯರ್‌ನದು ಶೇ 4.3ರಿಂದ 5.6. ಮೊದಲನೆಯದು ನಮ್ಮ ‘ಸ್ಟ್ರಾಂಗ್’ ಬಿಯರಿಗೆ ಸರಿಸಮ, ಆದರೆ ಬಾಯಿಗೆ ಜ್ಯೂಸಿನಂತೆ ಹೋಗುತ್ತದೆ. ಹುಬ್ಬಳ್ಳಿಯಿಂದ ರಾತ್ರಿ ಬೈಕಿನಲ್ಲಿ ಗದಗಿಗೆ ಹೊರಡುವವರು ಎರಡು ಗ್ಲಾಸಿಗೆ ‘ಏನೂ ಆಗಿಲ್ಲ’ ಅಂದುಕೊಳ್ಳುವುದು ಇಂಥದ್ದರಲ್ಲೇ.

ಮಬ್ಬಿನ ಮಾತು ಬಂದಾಗ ವರ್ಮಾಂಟ್‌ಗಿಂತ ನಮಗೆ ಹತ್ತಿರದ ನಂಟು ಆಫ್ರಿಕಾದ್ದು. ಅಲ್ಲಿ ಜೋಳದ ಮೊಳಕೆಯಿಂದ ತಲೆತಲಾಂತರದಿಂದ ಬಿಯರ್ ಮಾಡುತ್ತಾರೆ. ಗಂಜಿಯಂತೆ ದಪ್ಪ, ಹುಳಿ, ಇನ್ನೂ ಹುದುಗುತ್ತಿರುವಾಗಲೇ ಕುಡಿಯುವಂಥದ್ದು. ‘ಚಿಬುಕು’ ಅಂತೂ ಅಲ್ಲಾಡಿಸಿಯೇ ಕುಡಿಯಬೇಕು. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ದೊಡ್ಡ ಕಂಪನಿಗಳೂ ಜೋಳಕ್ಕೆ ಬಂದವು. ಜೋಳದ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, ಅದನ್ನು ಸಕ್ಕರೆ ಮಾಡುವ ಕಿಣ್ವ ಕಡಿಮೆ, ಹಾಗಾಗಿ ಕೆಲಸ ಜಾಸ್ತಿ. ಆದರೂ ಆಗದ ಕೆಲಸವಲ್ಲ. ನಮ್ಮ ಎರಿ ಹೊಲದ ಮಾಲ್ದಂಡಿ ಜೋಳದಿಂದ ಯಾರಾದರೂ ಇಂಥದ್ದು ಮಾಡಿದರೆ ಅದನ್ನು ಹೇಜಿ ಐಪಿಎ ಪಕ್ಕ ಇಟ್ಟು ಅಂಕ ಹಾಕಬಾರದು. ಅಂಬಲಿ ಕುಡಿದ ನಾಲಿಗೆಯೇ ಅದಕ್ಕೆ ಸರಿಯಾದ ಜಡ್ಜು, ಯಾಕಂದ್ರೆ ಅಲ್ಲಿ ಹುಳಿ ದೋಷವಲ್ಲ.