ಹೆದರಿಸಿದ ಜೀಪು, ಮನೆಮಗನಾದ ಜೀಪು

ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ ಒಂದು ಟೀ ಅಂಗಡಿ. ಮುಂದೆ ಎರಡು ಗಾಡಿ ನಿಂತಿದ್ದವು. ಒಂದು ಬೆಂಗಳೂರಿನ ಹುಡುಗರ ಹೊಚ್ಚಹೊಸ ಥಾರ್. ಇನ್ನೊಂದು ಬಣ್ಣ ಮಾಸಿದ ಹಳೇ ಜೀಪು. ಹಿಂದೆ ಎರಡು ಹಾಲಿನ ಕ್ಯಾನು, ಪಕ್ಕದಲ್ಲಿ ಕಟ್ಟಿಹಾಕಿದ ಒಂದು ಹೋತ. ಥಾರ್‌ನಿಂದ ಇಳಿದ ಹುಡುಗರು ಯಾವ ಗಾಡಿ ಜೊತೆ ಸೆಲ್ಫಿ ತೆಗೆದುಕೊಂಡರು ಗೊತ್ತಾ? ಹಳೇ ಜೀಪಿನ ಜೊತೆ! ಒಬ್ಬ ಹುಡುಗ ಕೇಳಿಯೇಬಿಟ್ಟ, "ಯಜಮಾನ್ರೇ, ಕೊಡ್ತೀರಾ?"

"ಮನೆ ಕೇಳಪ್ಪ, ಕೂತ್ಕೊಂಡು ಮಾತಾಡಣ. ಇದನ್ನ ಮಾತ್ರ ಕೇಳ್ಬೇಡ" ಅಂದರು ಆ ಎಪ್ಪತ್ತು ದಾಟಿದ ಮನುಷ್ಯ.

ನಾನು ಚುನಾವಣೆ ವರದಿಗೆ ಪಾವಗಡಕ್ಕೆ ಹೊರಟವನು. ಅಲ್ಲೇ ಕೂತುಬಿಟ್ಟೆ. ಒಂದು ಕಬ್ಬಿಣದ ಡಬ್ಬಕ್ಕೆ ಇಷ್ಟೊಂದು ಪ್ರೀತಿ ಯಾಕೆ? ಸಾಹಸ, ಬೆಟ್ಟ, ಕೆಸರು, ಸ್ವಾತಂತ್ರ್ಯ ಅಂತೆಲ್ಲ ಜಾಹೀರಾತು ಹೇಳುತ್ತೆ. ನಮ್ಮ ಬಯಲುಸೀಮೆಯ ಕಥೆ ಅದಲ್ಲ.

ಮೊದಲು ಸ್ವಲ್ಪ ಇತಿಹಾಸ ನೋಡೋಣ. 1940ರ ಬೇಸಿಗೆ. ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಹಗುರವಾದ ಗಾಡಿ ಬೇಕು, ಮೊದಲ ಮಾದರಿಗೆ ಸಮಯ ಬರೀ 49 ದಿನ! ಬ್ಯಾಂಟಮ್ ಅನ್ನುವ ಪುಟ್ಟ ಕಂಪನಿ ಅದನ್ನು ಮಾಡಿ ತೋರಿಸಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯುವ ಹೊತ್ತಿಗೆ ಈ ಎರಡು ಕಂಪನಿಗಳಿಂದ ಹೊರಬಂದ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು. 'ಜೀಪ್' ಅನ್ನೋ ಹೆಸರು ಎಲ್ಲಿಂದ ಬಂತು ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಅದು ನಮಗೆ ಬೇಡ.

ಭಾರತದಲ್ಲಿ 1945ರಲ್ಲಿ ಶುರುವಾದ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಹೌದು, ಮೊಹಮ್ಮದ್. ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಷ್ಟರೊಳಗೆ, 1947ರಲ್ಲೇ, ಬಿಡಿಭಾಗ ತರಿಸಿ ಮುಂಬೈನಲ್ಲಿ ವಿಲ್ಲಿಸ್ ಜೀಪು ಜೋಡಿಸೋದು ಶುರುವಾಗಿತ್ತು. ಇನ್ನೊಂದು ತಮಾಷೆ ಕೇಳಿ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನದೇ. 1948ರಲ್ಲಿ ಸೇನೆಗೆ ಜೀಪು ತರಿಸಲು ಲಂಡನ್‌ನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಬರಬೇಕಾದ್ದು 200, ಬಂದದ್ದು 155. ಆಗ ನಮ್ಮ ಚಾನೆಲ್‌ಗಳು ಇರಲಿಲ್ಲ ನೋಡಿ, ಮೆನನ್ ಬಚಾವ್!

ಇದೆಲ್ಲ ದೆಹಲಿ, ಮುಂಬೈ ಮಾತು. ಶಿರಾ, ಪಾವಗಡದ ಹಳ್ಳಿಗೆ ಜೀಪು ಬಂದದ್ದು ಬೇರೆ ವೇಷದಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕ್ ಬಂತು, ಬಿ.ಡಿ.ಓ. ಬಂದರು, ಅವರ ಜೊತೆ ಜೀಪು ಬಂತು. ಆಮೇಲೆ ತಹಶೀಲ್ದಾರರ ಜೀಪು, ಪೊಲೀಸ್ ಜೀಪು, ಆಸ್ಪತ್ರೆ ಜೀಪು. ಹಳ್ಳಿಯವರ ಬಾಯಲ್ಲಿ ಜೀಪು ಅಂದರೆ ಗಾಡಿಯಲ್ಲ, ಸರ್ಕಾರ! 'ಜೀಪು ಬಂತು' ಅಂದರೆ ಮುಗೀತು. ಕಂದಾಯ ಬಾಕಿನೋ, ರಾಗಿ ಲೆವಿನೋ, ಸಾಲದ ಜಪ್ತಿನೋ? ತುರ್ತು ಪರಿಸ್ಥಿತಿಯ ಕಾಲದಲ್ಲಂತೂ ಆಪರೇಷನ್‌ಗೆ ಹಿಡ್ಕೊಂಡು ಹೋಗ್ತಾರೆ ಅನ್ನೋ ಭಯ. "ದೂರದಲ್ಲಿ ಧೂಳು ಎದ್ರೆ ಸಾಕು, ನಮ್ಮಪ್ಪ ಹುಣಸೇ ತೋಪಿಗೆ ಓಡೋರು" ಅಂದರು ಯಜಮಾನರು. ಆಗ ಅವರೂ ಹಿಂದೆಯೇ ಓಡುತ್ತಿದ್ದರಂತೆ.

ಹಾಗೆ ಓಡಿದ ಮನುಷ್ಯನೇ ಇವತ್ತು ಜೀಪಿನ ಮಾಲೀಕ. ಹೇಗೆ? ಹರಾಜು! ಇಲಾಖೆಯ ಗಾಡಿ ಹಳೇದಾದರೆ ಕಚೇರಿ ಮುಂದೆ ಕೂಗುತ್ತಿದ್ದರು. ಒಂದು ಜೊತೆ ಎತ್ತು ಮಾರಿ, ಕಡಲೆಕಾಯಿ ದುಡ್ಡು ಸೇರಿಸಿ ಇವರು ಹಿಡಿದದ್ದು ಅಂಥದ್ದೇ ಒಂದು ಜೀಪನ್ನು. ಅದರ ಬಾಗಿಲ ಮೇಲೆ ಇಲಾಖೆಯ ಹೆಸರಿತ್ತಂತೆ. ಬಣ್ಣ ಬಳಿದರೂ ಬಿಸಿಲಿಗೆ ಅಕ್ಷರ ಮತ್ತೆ ಮತ್ತೆ ಕಾಣುತ್ತಿತ್ತಂತೆ. "ಅಳಿಸ್ಲಿಲ್ಲ, ಬಿಟ್ಟೆ" ಅಂತ ನಕ್ಕರು.

ಈಗ ಎಂಜಿನಿಯರಿಂಗ್ ಓದಿದ ಚಟಕ್ಕೆ ಒಂದು ಮಾತು. ಜೀಪು ಅಂದರೆ ಫೋರ್ ವೀಲ್ ಡ್ರೈವ್ ಅಂತ ಎಲ್ಲರೂ ತಿಳಿದಿದ್ದಾರೆ. ಈ ಭಾಗದಲ್ಲಿ ಬಾಡಿಗೆಗೆ ಓಡಿದ ಎಷ್ಟೋ ಜೀಪುಗಳಿಗೆ ಅದು ಇರಲೇ ಇಲ್ಲ! ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ. ಮಲೆನಾಡಿನ ಎಸ್ಟೇಟಿನಲ್ಲಿ ಜಾರುವ ಮಣ್ಣಿಗೆ ನಾಲ್ಕೂ ಚಕ್ರ ಬೇಕು. ಇಲ್ಲಿ ಮಳೆಯೇ ಇಲ್ಲವಲ್ಲ, ಕೆಸರೆಲ್ಲಿಂದ ಬರಬೇಕು? ಇಲ್ಲಿ ಬೇಕಾದ್ದು ಕಲ್ಲಿಗೆ ತಾಗದಷ್ಟು ಎತ್ತರ, ಹಳ್ಳದ ಮರಳು ದಾಟುವ ಗಿಯರು, ಎಷ್ಟು ಹೇರಿದರೂ ಜಗ್ಗದ ಪಟ್ಟಿ ಸ್ಪ್ರಿಂಗು.

ಅದಕ್ಕಿಂತ ಮುಖ್ಯವಾದದ್ದು ರಿಪೇರಿ. 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಮಹೀಂದ್ರದವರು ಟ್ರಾಕ್ಟರ್‌ಗೆ ಕೈ ಹಾಕಿದರು. ಮುಂದೆ ಜೀಪಿಗೆ ಡೀಸೆಲ್ ಎಂಜಿನ್ ಬೇಕಾದಾಗ ಅದೇ ಟ್ರಾಕ್ಟರ್ ಕುಲದ ಎಂಜಿನ್ ಅದರೊಳಗೆ ಕೂತಿತು. ಇದರ ಅರ್ಥ ಏನು? ಉಳುವ ಟ್ರಾಕ್ಟರ್ ರಿಪೇರಿ ಮಾಡುವ ಮೇಸ್ತ್ರಿಗೆ ಜೀಪೂ ಗೊತ್ತು. ಬಡವನಹಳ್ಳಿಯಲ್ಲಿ ನಿಂತುಹೋದರೆ ತುಮಕೂರಿನ ಶೋರೂಮಿಗೆ ಫೋನ್ ಮಾಡಬೇಕಿಲ್ಲ. ಎರಡು ಸ್ಪ್ಯಾನರು, ಒಂದು ತುಂಡು ಸೈಕಲ್ ಟ್ಯೂಬು, ಮುಗೀತು. ನಾಲ್ಕು ವರ್ಷ ಕಾಲೇಜಿನಲ್ಲಿ ನಾನು ಕಲಿತದ್ದಕ್ಕಿಂತ ಹೆಚ್ಚು ಆ ಮೇಸ್ತ್ರಿಗೆ ಕಿವಿಯಲ್ಲೇ ಗೊತ್ತು.

ಆ ಕಾಲದ ಬಾಡಿಗೆ ಜೀಪು ಹತ್ತಿದವರಿಗೆ ಹೇಳಬೇಕಿಲ್ಲ. ಈ ನಾಲ್ಕೂ ತಾಲ್ಲೂಕು ಕೇಂದ್ರಕ್ಕೆ ರೈಲು ಇರಲಿಲ್ಲ, ಬಸ್ಸು ಬಂದರೆ ಬಂತು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ, ಗೊರವನಹಳ್ಳಿಗೆ, ಸಿದ್ದರಬೆಟ್ಟದ ಬುಡಕ್ಕೆ, ಗಡಿ ದಾಟಿ ಮಡಕಶಿರಾಕ್ಕೆ ಜೀಪೇ ಗತಿ. ಒಳಗೆ ಹದಿನೈದು ಜನ, ಮೇಲೆ ನಾಲ್ಕು ಜನ, ಹಿಂದೆ ನೇತಾಡುವವರು ಲೆಕ್ಕಕ್ಕಿಲ್ಲ. ಡ್ರೈವರ್ ಅರ್ಧ ಸೀಟಿನಲ್ಲಿ, ಒಂದು ಕಾಲು ಹೊರಗೆ. ಇದನ್ನು ನಾನು ಹೊಗಳುತ್ತಿಲ್ಲ, ಎಷ್ಟೋ ಜೀವ ಹೋಗಿದೆ. ಆದರೆ ಅದೇ ಜೀಪಿನಲ್ಲಿ ಹೆರಿಗೆ ನೋವು ತಿನ್ನುವ ಹೆಣ್ಣುಮಕ್ಕಳು ನಡುರಾತ್ರಿ ಆಸ್ಪತ್ರೆ ಸೇರಿದ್ದಾರೆ. ಯಜಮಾನರ ಮೊಮ್ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಮಿಡಿಗೇಶಿ ದಾಟಿದ ಮೇಲೆ, ಇದೇ ಗಾಡಿಯಲ್ಲಿ. ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇಂಥದ್ದನ್ನು ಯಾರಾದರೂ ಮಾರುತ್ತಾರೇನ್ರಿ?

ಈಗ ರಸ್ತೆ ಚೆನ್ನಾಗಿದೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ, ಆ ದಾರಿಯಲ್ಲಿ ನನಗೆ ಎದುರಾದದ್ದೆಲ್ಲ ಬೊಲೆರೊ. ಜೀಪಿನ ಅಗತ್ಯ ಕಡಿಮೆಯಾಗಿದೆ, ನಿಜ. ಕಾಗದಪತ್ರದ ಭಾರ ಮಾತ್ರ ಹೆಚ್ಚಾಗಿದೆ. 15 ವರ್ಷ ದಾಟಿದ ಕಾರು, ಜೀಪಿನ ಮರುನೋಂದಣಿ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಮರುವರ್ಷ ಇನ್ನೊಂದು ಆದೇಶ ಬಂತು. ಸೇನೆ, ಭದ್ರತೆಯ ವಿಶೇಷ ವಾಹನ ಬಿಟ್ಟು 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದು, ಅವು ನೇರ ಅಧಿಕೃತ ಗುಜರಿ ಕೇಂದ್ರಕ್ಕೆ ಹೋಗಬೇಕು. ಹೊಗೆ ವಿಚಾರದಲ್ಲಿ ನಾನು ಹಳೇ ಡೀಸೆಲ್ ಪರ ವಾದ ಮಾಡಲ್ಲ. ಆದರೆ ಇದರಿಂದ ಏನಾಯಿತು ನೋಡಿ. ಸರ್ಕಾರದ ಜೀಪು ರೈತನ ಅಂಗಳಕ್ಕೆ ಬರುತ್ತಿದ್ದ ದಾರಿ ಮುಚ್ಚಿತು. ಇನ್ನು ಮೇಲೆ ಜೀಪು ಬೇಕಾದರೆ ಹತ್ತು ಲಕ್ಷದ ಮೇಲೆ ಕೊಟ್ಟು ಥಾರ್ ತಗೋಬೇಕು, ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವನು ಬರಬೇಕು.

ಹೊರಡುವಾಗ ಯಜಮಾನರು ಒಂದು ವಿಷಯ ಕೇಳಿದರು. ಹತ್ತಿರದ ಒಂದು ಕಚೇರಿಯ ಕಾಂಪೌಂಡಿನಲ್ಲಿ, ಹುಣಸೇ ಮರದ ಕೆಳಗೆ ಒಂದು ಜೀಪು ಮಣ್ಣು ತಿನ್ನುತ್ತಾ ನಿಂತಿದೆಯಂತೆ. ಚಕ್ರ ಇಲ್ಲ, ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತವಂತೆ.

"ನೀವು ಟಿವಿಯೋರು, ದೊಡ್ಡೋರ ಪರಿಚಯ ಇರ್ತದೆ. ಗಾಡಿ ಬೇಡ ಸ್ವಾಮಿ. ಅದರ ಹಿಂದಿನ ಆಕ್ಸಲ್ ಒಂದು ಕೊಡಿಸಿಕೊಡ್ತೀರಾ?"